ಹೀರೇಕಾಯಿ ಯಾರು ಅಂತ ಕಲಕ್ಕ ಹೇಳೋದಿಲ್ಲ

ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಹಳೆಯ ಲೈನುಮನೆಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಲಾ ಕೂತಿದ್ದಾರೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಫೋನನ್ನು ತುಟಿಗೆ ತಾಕುವಷ್ಟು ಹತ್ತಿರ ಹಿಡಿದಿದ್ದಾರೆ. ಪಕ್ಕದ ಮನೆಯ ನೀರಿನ ಮೋಟಾರು ನಿಲ್ಲಲಿ ಎಂದು ಕಾಯುತ್ತಾರೆ. ನಿಂತ ಕೂಡಲೇ ಮಾತು ಶುರು.

"ಏನ್ ರಾಜಾ, ಎದ್ದಾ? ಕಾಫಿ ಆಯ್ತಾ? ನಾನು ಕಲಕ್ಕ. ಇವತ್ತು ಒಂದೇ ಮಾತು ಏಳ್ತೀನಿ, ಕೇಳ್ಕೊ. ಒಬ್ರು ಚುಚ್ಕೊಂಡ ಸೂಜಿ ಇನ್ನೊಬ್ರು ಮುಟ್ಬೇಡಿ. ಫ್ರೆಂಡು ಅಂತ ಊಟ ಅಂಚ್ಕೊ, ಬೀಡಿ ಅಂಚ್ಕೊ. ಸೂಜಿ ಮಾತ್ರ ಬ್ಯಾಡ. ಒಸದು ಬೇಕಾದ್ರೆ ನಂಗೆ ಮೆಸೇಜಲ್ಲಿ ಒಂದು ಚುಕ್ಕೆ ಕಳ್ಸು. ನಾನೇನೂ ಕೇಳಲ್ಲ, ಬಯ್ಯಲ್ಲ. ಬತ್ತೀನಿ."

ನಾಯಿ ಬೊಗಳುತ್ತದೆ. ಕಲಾ ಅದನ್ನು ಅಳಿಸಿ ಮತ್ತೆ ಹೇಳುತ್ತಾರೆ. ಆಮೇಲೆ ಅದೇ ಮಾತು ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ. ಭಾಷೆ ಬದಲಾದರೂ ‘ರಾಜಾ’ ಎಂಬ ಕರೆ ಮಾತ್ರ ಬದಲಾಗುವುದಿಲ್ಲ.

"ಮುಗೀತಾ ನಿನ್ನ ರಾಜರ ದರ್ಬಾರು?" ಎಂದು ಒಳಗಿನಿಂದ ಗಂಡಸಿನ ದನಿ ಬರುತ್ತದೆ. ಕಲಾ ಅವರ ಗಂಡ ವಿಶ್ವನಾಥ್, ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನ್ನ ಕೈಯಲ್ಲಿ ಪೆನ್ನು ನೋಡಿ, "ಬರ್ಕೊಳ್ಳಿ. ನಮ್ಮ ಮದುವೆ ಆದಾಗಿನಿಂದ ನನಗೆ ಒಂದೇ ಒಂದು ದಿನ ರಾಜಾ ಅಂದಿಲ್ಲ ಇವಳು" ಎನ್ನುತ್ತಾರೆ. ನಗುತ್ತಾರೆ, ಆದರೆ ಕಣ್ಣು ನಗುವುದಿಲ್ಲ.

ಕಲಾ ಕ್ಷೇತ್ರ ಕಾರ್ಯಕರ್ತೆ. ಬಂಗಾರಪೇಟೆಯ ಒಂದು ಸ್ವಯಂಸೇವಾ ಸಂಸ್ಥೆಯ ಕೆಲಸ. ಸೂಜಿಯಿಂದ ಮಾದಕ ಮದ್ದು ಏರಿಸಿಕೊಳ್ಳುವ ಚಟ ಇರುವವರನ್ನು ಹುಡುಕಿ, ಅವರ ಕೈಗೆ ಹೊಸ ಸಿರಿಂಜು ಕೊಟ್ಟು, ಹಳೆಯದನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿಕೊಂಡು, ಎಚ್‌ಐವಿ ಪರೀಕ್ಷೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಚಟ ಬಿಡುತ್ತೇನೆ ಎಂದವರಿಗೆ ಔಷಧ ಎಲ್ಲಿ ಸಿಗುತ್ತದೆ ಎಂದು ತೋರಿಸುವುದು. ಬಿಡಲಾರೆ ಎಂದವರ ಜೊತೆಗೂ ನಾಳೆ ಮತ್ತೆ ಮಾತಾಡುವುದು. ಇದು ಚಟವನ್ನು ಬೆಳೆಸುವ ಕೆಲಸ ಎಂದು ಜಗಳಕ್ಕೆ ಬಂದವರು ಇದ್ದಾರೆ. ಅವರಿಗೆ ಕಲಾ ಕೊಡುವ ಉತ್ತರ ಗಿಡ್ಡ: "ಬದುಕಿದ್ರೆ ತಾನೇ ಬಿಡೋದು?"

ಕಲಾ ಹುಟ್ಟಿದ್ದು ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ಹಸು, ಟೊಮೇಟೊ ತೋಟ. ವಿಶ್ವನಾಥ್ ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ದಾವಣಗೆರೆಯ ಕಡೆಯಿಂದ ಕೆಜಿಎಫ್‌ಗೆ ಬಂದವರು. ವಿಶ್ವನಾಥ್ ಕೂಡ ಈಗ ಕಾರ್ಖಾನೆಯಲ್ಲಿ ವೆಲ್ಡರ್. ಮದುವೆಯಾಗಿ ಊರಿಗಾಂಗೆ ಬಂದ ಕಲಾ ಮೊದಲು ಹೊಲಿಗೆ ಕಲಿತರು, ಆಮೇಲೆ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಈ ಕೆಲಸಕ್ಕೆ ಬಂದದ್ದು ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ ಮೇಲೆ.

ಆರಂಭದಲ್ಲಿ ಮನೆಮನೆಗೆ ನಡೆಯುತ್ತಿದ್ದರು. ಹೆಗಲಿಗೆ ಸಂಸ್ಥೆಯ ಚೀಲ. ಆ ಚೀಲವೇ ಮುಳುವಾಯಿತು. ಮಾರಿಕುಪ್ಪಂನಲ್ಲಿ ಒಂದು ಬಾಗಿಲು ತಟ್ಟಿ ಬಂದ ಮಾರನೆಯ ವಾರ ಆ ಬಾಗಿಲಿಗೆ ಬೀಗ. ಮನೆಯೊಡೆಯ ಬಾಡಿಗೆಯವರನ್ನು ಖಾಲಿ ಮಾಡಿಸಿದ್ದ. "ಏಡ್ಸ್ ಅಕ್ಕ ಬಂದ ಮನೆ" ಎಂದು ಬೀದಿಗೆಲ್ಲ ಗೊತ್ತಾಗಿತ್ತು.

"ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ" ಎನ್ನುತ್ತಾರೆ ಕಲಾ. "ನಾನು ಒಳ್ಳೇದ್ ಮಾಡಕ್ ಓದೆ, ಅವ್ರು ಬೀದಿಗ್ ಬಂದ್ರು. ನಾನ್ ಓಗ್ದೇ ಇದ್ದಿದ್ರೆ ಮನೆಯಾದ್ರೂ ಇರ್ತಿತ್ತು."

ದಾರಿ ತೋರಿಸಿದವರು ಸೆಲ್ವರಾಜ್. ಒಂದು ಕಾಲಕ್ಕೆ ಅವರೂ ಸೂಜಿ ಹಿಡಿದವರೇ. ಈಗ ಚಟ ಬಿಟ್ಟು ಮಾರಿಕುಪ್ಪಂ ಸ್ಟೇಷನ್ನಿನ ಹತ್ತಿರ ಟೀ ಅಂಗಡಿ ನಡೆಸುತ್ತಾರೆ, ಸಂಸ್ಥೆಗೂ ಕೆಲಸ ಮಾಡುತ್ತಾರೆ. "ಅಕ್ಕಾ, ನೀನು ಬಂದ್ರೆ ಊರೆಲ್ಲಾ ನೋಡ್ತದೆ. ನಿನ್ನ ವಾಯ್ಸು ಬಂದ್ರೆ ಯಾರು ನೋಡ್ತಾರೆ?" ಎಂದರಂತೆ. ಹಾಗೆ ಶುರುವಾದದ್ದು ಬೆಳಗಿನ ಮಾತು.

ಅದು ವಾಟ್ಸ್ಆ್ಯಪ್ ಗ್ರೂಪ್ ಅಲ್ಲ. ಗ್ರೂಪಿನಲ್ಲಿ ಯಾರು ಯಾರು ಇದ್ದಾರೆ ಎಂದು ಎಲ್ಲರಿಗೂ ಕಾಣುತ್ತದೆ. ಇದು ಬ್ರಾಡ್‌ಕಾಸ್ಟ್: ಒಂದೇ ಮಾತು ಎಲ್ಲರಿಗೂ ಹೋಗುತ್ತದೆ, ಆದರೆ ಪ್ರತಿಯೊಬ್ಬನಿಗೂ ಅದು ತನಗೊಬ್ಬನಿಗೇ ಬಂದಂತೆ ಕಾಣುತ್ತದೆ. ತಲುಪಬೇಕಾದರೆ ಕೇಳುವವನು ಕಲಾ ಅವರ ನಂಬರನ್ನು ತನ್ನ ಫೋನಿನಲ್ಲಿ ಇಟ್ಟುಕೊಂಡಿರಬೇಕು. ಅವರ ಹೆಸರಿನಲ್ಲೇ ಇಟ್ಟುಕೊಂಡು, ಹೆಂಡತಿ ನೋಡಿದರೆ? ಅಮ್ಮ ನೋಡಿದರೆ? ಅದಕ್ಕೇ ಒಬ್ಬನ ಫೋನಿನಲ್ಲಿ ಆಕೆ ಗ್ಯಾಸ್ ಆಫೀಸ್, ಇನ್ನೊಬ್ಬನದರಲ್ಲಿ ಚೀಟಿ ಮೇಡಂ, ಮತ್ತೊಬ್ಬನದರಲ್ಲಿ ಟೈರ್ ಪಂಚರ್. ಕಲಾ ಕೂಡ ಅವರ ಹೆಸರುಗಳನ್ನು ಬರೆದುಕೊಳ್ಳುವುದಿಲ್ಲ. ಅವರ ಫೋನು ಒಂದು ತರಕಾರಿ ಮಂಡಿ. ಬದನೆಕಾಯಿ, ಮೂಲಂಗಿ, ಗೋರೀಕಾಯಿ, ಹೀರೇಕಾಯಿ. ಈ ಬರಹದಲ್ಲಿ ಆ ಹೆಸರುಗಳನ್ನೂ ನಾನು ಬದಲಿಸಿದ್ದೇನೆ. ಗುರುತು ಸಿಗುವಂಥ ಮಿಕ್ಕ ವಿವರಗಳನ್ನೂ ಕೂಡ.

ಬೆಳಗಿನ ಮಾತು ದಿನಾ ಸೂಜಿಯದ್ದೇ ಆಗಿರುವುದಿಲ್ಲ. ಒಂದು ದಿನ, ಎಚ್‌ಐವಿ ಇರುವವರ ತಟ್ಟೆಯಲ್ಲಿ ಉಂಡರೆ ಏನೂ ಆಗದು ಎಂಬ ಮಾತು. ಇನ್ನೊಂದು ದಿನ, ಪರೀಕ್ಷೆಗೆ ಹೋದರೆ ಏನು ಕೇಳುತ್ತಾರೆ, ಏನು ಕೇಳುವುದಿಲ್ಲ ಎಂಬುದು. ಔಷಧ ತಪ್ಪದೆ ತೆಗೆದುಕೊಂಡರೆ ಎಚ್‌ಐವಿ ಇದ್ದವರೂ ಮಕ್ಕಳು ಮೊಮ್ಮಕ್ಕಳನ್ನು ನೋಡಿಕೊಂಡು ಬಾಳುತ್ತಾರೆ ಎಂದು ಮತ್ತೊಂದು ದಿನ. ಬೇತಮಂಗಲದ ಪಾಪಕ್ಕ ಎಂಬ ತಾಯಿ, ಎಚ್‌ಐವಿ ಇರುವ ಮಗನ ತಟ್ಟೆ, ಲೋಟವನ್ನು ಬೇರೆ ಗೂಡಿನಲ್ಲಿ ಇಡುತ್ತಿದ್ದಳು. ತಟ್ಟೆಯ ಮಾತು ಬಂದ ಬೆಳಗ್ಗೆ ಮಗ ಫೋನಿನ ದನಿಯನ್ನು ಜೋರು ಮಾಡಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಪಾಪಕ್ಕ ಪೂರ್ತಿ ಕೇಳಿದಳು. ಅವತ್ತು ಮಧ್ಯಾಹ್ನ ಮಗನ ತಟ್ಟೆ ಮಿಕ್ಕ ತಟ್ಟೆಗಳ ಜೊತೆಗೆ ಬಂತು.

ಆದರೆ ಪಾಪಕ್ಕನಿಗೆ ಕಲಾ ಮೇಲೆ ಇವತ್ತಿಗೂ ಸಿಟ್ಟಿದೆ. ದಾರಿಯಲ್ಲಿ ಸಿಕ್ಕಾಗ ಮುಖಕ್ಕೆ ಹೊಡೆದ ಹಾಗೆ ಕೇಳಿದಳಂತೆ: "ನಂಗ್ ಏಳ್ದೇ ಇರೋದೆಲ್ಲಾ ನಿಂಗ್ ಏಳ್ತಾನಲ್ಲಮ್ಮಾ, ಅವನ್ನ ಎತ್ತಿದ್ದು ನೀನಾ, ನಾನಾ?"

ಪಾಪಕ್ಕನ ಸಿಟ್ಟು ಬಾಯಿಗಾದರೂ ಬಂತು. ಕಲಾ ಅವರ ಸ್ವಂತ ಮನೆಯಲ್ಲಿದ್ದದ್ದು ಬಾಯಿಗೇ ಬರದೆ ಒಳಗೊಳಗೇ ಬೇಯುತ್ತಿತ್ತು.

ವಿಶ್ವನಾಥ್ ಕೆಟ್ಟ ಮನುಷ್ಯರಲ್ಲ. ಹೆಂಡತಿ ಈ ಕೆಲಸಕ್ಕೆ ಸೇರಿದಾಗ ನೆಂಟರೆಲ್ಲ ಮೂಗು ಮುರಿದರೂ ಬೇಡ ಎನ್ನಲಿಲ್ಲ. ಬ್ರಾಡ್‌ಕಾಸ್ಟ್ ಶುರುವಾದ ಮೇಲೆ ಮಾತ್ರ ಅವರಿಗೆ ತಮ್ಮ ಮನೆ ಬೇರೆಯಾಗಿ ಕಾಣತೊಡಗಿತು. ಸಾರಿಗೆ ಒಗ್ಗರಣೆ ಹಾಕುವಾಗ ಫೋನು ಮಿಣುಕುತ್ತದೆ, ಹೆಂಡತಿ ಸೌಟು ಬಿಟ್ಟು ಓಡುತ್ತಾಳೆ. ಯಾರದ್ದೋ ಮಾತು ಕೇಳಿ ಹಿತ್ತಿಲಲ್ಲಿ ನಗುತ್ತಾಳೆ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಾಳೆ. ಯಾರು ಎಂದರೆ ಬದನೆಕಾಯಿ ಎನ್ನುತ್ತಾಳೆ.

"ನೀವೇ ಹೇಳಿ, ಗಂಡ ಅನ್ನಿಸಿಕೊಂಡೋನಿಗೆ ಹೇಗಾಗಬೇಕು?" ಎಂದು ವಿಶ್ವನಾಥ್ ನನ್ನನ್ನು ಕೇಳುತ್ತಾರೆ. "ನಾನು ಕಾರ್ಖಾನೆಯಿಂದ ಬಂದು ಕೂತರೆ ‘ಊಟಕ್ಕೆ ಹಾಕ್ಲಾ’ ಅಂತ ಒಂದು ಮಾತು. ಮೂಲಂಗಿಗೆ ಮಾತ್ರ ‘ನಿದ್ದೆ ಬಂತಾ, ಊಟ ಸೇರ್ತಾ, ಅಮ್ಮ ಮಾತಾಡಿದ್ರಾ’. ನನಗೂ ನಿದ್ದೆ ಬರ್ತಿರಲಿಲ್ಲ. ನನ್ನನ್ನ ಯಾರೂ ಕೇಳಲಿಲ್ಲ."

ಎಲ್ಲರಿಗಿಂತ ಹೆಚ್ಚು ಉರಿ ಹತ್ತಿಸಿದವನು ಹೀರೇಕಾಯಿ. ಅವನು ಕಾಮಸಮುದ್ರದ ಆಚೆಯ ಒಂದು ಬೇಸಾಯದ ಮನೆಯ ಹುಡುಗ. ಓದಿದವನು, ಬಂಗಾರಪೇಟೆಯಲ್ಲಿ ಕೆಲಸ. ಮಿಕ್ಕವರೆಲ್ಲ ಕಲಾ ಅವರನ್ನು ಅಕ್ಕ ಎಂದರೆ ಇವನು ‘ಕಲಾ ಅವರೇ’ ಎನ್ನುತ್ತಿದ್ದ. ತಗ್ಗಿದ ದನಿ, ತಿದ್ದಿದ ಮಾತು. ಹಿತ್ತಿಲ ಬಾಗಿಲ ಸಂದಿಯಿಂದ ಆ ದನಿ ಕೇಳಿದ ದಿನ ವಿಶ್ವನಾಥ್ ಶಿಫ್ಟಿಗೆ ಹೋದರೂ ಕೆಲಸ ಕೈಗೆ ಹತ್ತಲಿಲ್ಲ. "ಅಕ್ಕಾ ಅಂದಿದ್ರೆ ಸುಮ್ಮನಿರ್ತಿದ್ದೆನೋ ಏನೋ. ‘ಅವರೇ’ ಅಂದ್ರೆ ಏನರ್ಥ?"

ಹೀರೇಕಾಯಿಯ ಕಷ್ಟ ವಿಶ್ವನಾಥ್‌ಗೆ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಅವನು ಒಮ್ಮೆ ಬೇರೊಬ್ಬನ ಸೂಜಿ ಬಳಸಿದ್ದ. ಆಮೇಲೆ ಹೆದರಿ ಕಲಾ ಅವರ ಮಾತಿಗೆ ಓಗೊಟ್ಟು ಪರೀಕ್ಷೆ ಮಾಡಿಸಿದ್ದ. ಸೋಂಕು ತಗುಲಿದ್ದರೂ ಶುರುವಿನಲ್ಲಿ ಪರೀಕ್ಷೆಗೆ ಸಿಗದೆ ಹೋಗಬಹುದು, ಹಾಗಾಗಿ ಕೆಲವು ವಾರ ಬಿಟ್ಟು ಮತ್ತೊಮ್ಮೆ ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಷ್ಟರಲ್ಲಿ ಮನೆಯವರು ಅವನಿಗೆ ಹೆಣ್ಣು ಗೊತ್ತು ಮಾಡಿದರು. ಮದುವೆ ಹತ್ತಿರ ಬರುತ್ತಿತ್ತು. ಎರಡನೇ ಪರೀಕ್ಷೆಗೆ ಹೋಗಲು ಅವನಿಗೆ ಕಾಲು ಏಳುತ್ತಿರಲಿಲ್ಲ. ಕಲಾ ದಿನಾ ಒಂದೊಂದು ಮಾತು ಹೇಳಿ, ಒಂದು ವಾರ ಬೆನ್ನು ಬಿದ್ದು ಒಪ್ಪಿಸಿದರು. ಒಬ್ಬನೇ ಹೋಗಬೇಡ, ನಾನಿರುತ್ತೇನೆ ಎಂದರು.

ಅವನ ಒಪ್ಪಿಗೆ ಬಂದದ್ದು ಒಂದು ಸಂಜೆ. ಕಲಾ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಫೋನು ಅಕ್ಕಿ ಡಬ್ಬಿಯ ಮೇಲಿತ್ತು. ವಿಶ್ವನಾಥ್ ಊಟಕ್ಕೆ ಕೂತಿದ್ದರು. ಫೋನಿನ ಮುಖದ ಮೇಲೆ ಸಾಲು ಮೂಡಿತು: ‘ನಾಳೆ ಬೆಳಿಗ್ಗೆ ಬಂಗಾರಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಕಾಯುತ್ತೇನೆ. ನೀವು ಜೊತೆಗಿದ್ದರೆ ಮಾತ್ರ ಬರುತ್ತೇನೆ. ಯಾರಿಗೂ ಹೇಳಬೇಡಿ.’

ಹೆಂಡತಿ ಬೆರಳಿನಲ್ಲಿ ಗೆರೆ ಎಳೆದು ಫೋನು ತೆರೆಯುವುದನ್ನು ವಿಶ್ವನಾಥ್ ಎಷ್ಟೋ ಸಲ ನೋಡಿದ್ದರು. ಅದೇ ಗೆರೆ ಎಳೆದರು. ಹಿಂದಿನ ಮಾತುಗಳಲ್ಲಿ ಸೂಜಿ, ಟೆಸ್ಟ್ ಎಂಬ ಪದಗಳು ಕಂಡವು. ಪೂರ್ತಿ ಓದುವ ತಾಳ್ಮೆ ಇರಲಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಬಾಯಿಗೆ ಬಂದದ್ದನ್ನು ಬಯ್ದರು. ಕಲಾ ಅವರಿಗೆ ಆ ಮಾತು ಇವತ್ತಿಗೂ ಬಾಯಿಪಾಠ. "ಸೂಜಿ ಚುಚ್ಕೊಂಡು ರೋಗ ತುಂಬ್ಕೊಂಡಿರೋ ನಾಯಿ ನೀನು, ನನ್ನ ಹೆಂಡ್ತೀನ ಬಸ್‌ಸ್ಟ್ಯಾಂಡಿಗೆ ಕರೀತೀಯಾ? ನೀನು ಯಾವನು ಅಂತ ಊರಿಗೆಲ್ಲಾ ಸಾರ್ತೀನಿ, ಇರು."

ಕಳಿಸಿದರು. ಅವನು ಕೇಳಿಸಿಕೊಂಡ ಗುರುತು ಬಿದ್ದ ಮೇಲೆ, ಅವನ ಮೆಸೇಜನ್ನೂ ತಮ್ಮ ಮಾತನ್ನೂ ಕಲಾ ಅವರ ಫೋನಿನಿಂದ ಅಳಿಸಿ, ಡಬ್ಬಿಯ ಮೇಲೆ ಇದ್ದ ಹಾಗೆಯೇ ಇಟ್ಟು, ಮುದ್ದೆ ಮುರಿದರು.

ಮಾರನೆಯ ದಿನ ಹೀರೇಕಾಯಿಯಿಂದ ಬೆಳಗಿನ ಉತ್ತರ ಬರಲಿಲ್ಲ. ಕರೆ ಹೋಗಲಿಲ್ಲ. ಫೋನಿನಲ್ಲಿ ಅವನ ಚಿತ್ರವೂ ಮಾಯ. ಎರಡು ದಿನ ಕಳೆಯುವಷ್ಟರಲ್ಲಿ ಬದನೆಕಾಯಿ ಸುಮ್ಮನಾದ, ಮೂಲಂಗಿ ಸುಮ್ಮನಾದ. ಬೆಳಗಿನ ಮಾತಿಗೆ ಚುಕ್ಕೆಗಳು ಬರುವುದು ನಿಂತಿತು. ಕಲಾ ಮೊದಲು ಫೋನು ಕೆಟ್ಟಿದೆ ಎಂದುಕೊಂಡು ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಒಯ್ದು ತೋರಿಸಿದರು. ಫೋನು ಚೆನ್ನಾಗಿಯೇ ಇತ್ತು.

ಸೆಲ್ವರಾಜ್ ಕಲಾ ಅವರನ್ನು ತಮ್ಮ ಟೀ ಅಂಗಡಿಗೆ ಕರೆಸಿಕೊಂಡರು. ಬೆಂಚಿನ ಮೇಲೆ ಕೂರಿಸಿ, ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ, ತಮ್ಮ ಫೋನನ್ನು ಆಕೆಯ ಕಿವಿಗೆ ಹಿಡಿದರು. ಹೀರೇಕಾಯಿ ಆ ಬಯ್ಗುಳವನ್ನು ತನಗೆ ಗೊತ್ತಿದ್ದ ಕೆಲವರಿಗೆ ಕಳಿಸಿದ್ದ, ಸೆಲ್ವರಾಜ್‌ಗೂ. ಕೆಳಗೆ ಒಂದು ಸಾಲು ಬರೆದಿದ್ದ: ‘ನಿಮ್ಮ ಕಲಾ ಅವರನ್ನು ನಂಬಿ ಅಂದಿರಲ್ಲ, ಕೇಳಿ.’

"ಅಕ್ಕ ಮೂರು ಸಲ ಕೇಳಿಸ್ಕೊಂಡ್ರು. ಅಳಲಿಲ್ಲ" ಎನ್ನುತ್ತಾರೆ ಸೆಲ್ವರಾಜ್. "ಟೀ ಹಂಗೇ ಬಿಟ್ಟು ಎದ್ದು ಹೋದ್ರು. ಗಣಿ ಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ ನಮ್ಮ ಹುಡುಗ್ರು ಮತ್ತೆ ಹಳೇ ಸೂಜಿ ಹುಡುಕ್ತಾವ್ರೆ ಅಂತ ನಾನು ಹೇಳೋಣ ಅಂತಿದ್ದೆ. ಆ ಮುಖ ನೋಡಿ ಅವತ್ತು ಹೇಳಕ್ಕಾಗಲಿಲ್ಲ. ಮಾರನೇ ದಿನ ಹೇಳ್ದೆ."

ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತಿನಲ್ಲೂ ಅಷ್ಟೇನೂ ವ್ಯತ್ಯಾಸವಿಲ್ಲ. ಕಲಾ ತಟ್ಟೆಗೆ ಊಟ ಬಡಿಸಿ, ಎದುರಿಗೆ ಕೂತು, ಸೆಲ್ವರಾಜ್ ಕಡೆಯಿಂದ ತಮ್ಮ ಫೋನಿಗೆ ಹಾಕಿಸಿಕೊಂಡಿದ್ದ ಆ ಮಾತನ್ನು ಕೇಳಿಸಿದರು. ಮಕ್ಕಳು ಟ್ಯೂಷನ್ನಿಗೆ ಹೋಗಿದ್ದರು.

"ಇದು ನಿಮ್ಮ ದನಿ ತಾನೇ?"

"ಹೌದು, ನನ್ನದೇ. ಏನೀಗ? ಅವನ್ಯಾರು ಅಂತ ನೀನು ಹೇಳಿದ್ದಿದ್ರೆ ನಾನ್ಯಾಕೆ ಹಾಗೆ ಮಾಡ್ತಿದ್ದೆ?"

"ಏಳಂಗಿಲ್ಲ. ನಿಮ್ಗಲ್ಲ, ನಮ್ಮಪ್ಪ ಬಂದು ಕೇಳಿದ್ರೂ ಏಳಂಗಿಲ್ಲ. ಅದೇ ನನ್ನ ಕೆಲ್ಸ."

"ಗಂಡನಿಗಿಂತ ಹೀರೇಕಾಯಿ ಹೆಚ್ಚಾ ನಿನಗೆ?"

ಕಲಾ ಫೋನನ್ನು ತಟ್ಟೆಯ ಪಕ್ಕಕ್ಕೆ ಇಟ್ಟರಂತೆ. ಆಮೇಲೆ ಹೇಳಿದರು: "ರೋಗದ್ ನಾಯಿ ಅಂತ ಊರು ಅನ್ನೋದನ್ನ, ಒಬ್ಬೊಬ್ರ ಕಿವಿಯಿಂದ ತೆಗೀಬೇಕು ಅಂತ ನಾನು ದಿನಾ ಬೆಳಿಗ್ಗೆ ಒದ್ದಾಡ್ತೀನಿ. ಅದು ನನ್ನ ಅಡುಗೆಮನೇಲೇ ಕೂತಿತ್ತು. ನನ್ನ ಫೋನಿಂದಾನೇ ಓಯ್ತು. ಅವ್ನಿಗೊಂದು ಹೆಣ್ಣು ಗೊತ್ತಾಗೈತೆ. ಟೆಸ್ಟಿಲ್ದೆ ಮದ್ವೆ ಮಾಡ್ಕೊಂಡ್ರೆ ಆ ಹೆಣ್ ಮಗೀನ ಗತಿ ಏನು? ಅದನ್ನ ಯೋಚ್ನೆ ಮಾಡಿ, ಆಮೇಲೆ ಉಣ್ಣಿ."

ವಿಶ್ವನಾಥ್ ಉಣ್ಣಲಿಲ್ಲ. ಹುಡುಗಿಯ ವಿಷಯ ಅವರಿಗೆ ಹೊಸದು. "ಮದುವೆ ಗೊತ್ತಾಗಿರೋನು ಅಂದಾಗ ನನಗೆ ಮೊದಲು ಸಮಾಧಾನ ಆಯ್ತು, ನಿಜ ಹೇಳ್ತೀನಿ" ಎನ್ನುತ್ತಾರೆ. "ಆಮೇಲೆ ನನ್ನ ಮೇಲೇ ಅಸಹ್ಯ ಆಯ್ತು. ಆ ಹುಡುಗಿ ನಮ್ಮ ಮಗಳಾಗಿದ್ರೆ ಅಂತ ಹೊಳೀತು."

ಮಾರನೆಯ ಬೆಳಗ್ಗೆ ಕಲಾ ಕಲ್ಲಿನ ಮೇಲೆ ಕೂತು ಎಲ್ಲರಿಗೂ ಒಂದು ಮಾತು ಕಳಿಸಿದರು. ನನ್ನ ಫೋನಿನಿಂದ ಒಬ್ಬರಿಗೆ ಕೆಟ್ಟ ಮಾತು ಹೋಗಿದೆ, ಅದು ನನ್ನ ಮನೆಯಲ್ಲಾದ ತಪ್ಪು, ನಿಮ್ಮಲ್ಲಿ ಯಾರ ಹೆಸರೂ ಈ ಫೋನಿನಲ್ಲಿಲ್ಲ, ಇನ್ನು ಮೇಲೆ ಈ ಫೋನು ಮನೆಯಲ್ಲಿ ತೆರೆದು ಇರುವುದಿಲ್ಲ ಎಂದು. ಅವತ್ತು ರಾಜಾ ಅನ್ನಲು ಬಾಯಿ ಬರಲಿಲ್ಲವಂತೆ. ಎಷ್ಟೋ ಜನ ನಂಬರನ್ನು ತೆಗೆದುಹಾಕಿದ್ದರು, ಅವರಿಗೆ ಆ ಮಾತು ತಲುಪಲೇ ಇಲ್ಲ. ಗೋರೀಕಾಯಿ ಒಬ್ಬನಿಂದ ಒಂದು ಚುಕ್ಕೆ ಬಂತು. ಕಲಾ ಅಡುಗೆ ಬಿಟ್ಟು ಸಿರಿಂಜು ಹಿಡಿದು ಓಡಿದರು.

ಕಲಾ ಅವರನ್ನು ಕಾಣಲು ಹೀರೇಕಾಯಿಯನ್ನು ಒಪ್ಪಿಸಿದವರು ಸೆಲ್ವರಾಜ್. ಕಾಮಸಮುದ್ರದ ಬಸ್ ನಿಲ್ದಾಣದಿಂದ ಆಚೆ, ಊರ ಹೊರಗಿನ ಹುಣಸೆಮರದ ಹತ್ತಿರ ಭಾನುವಾರ ಬೆಳಗ್ಗೆ ಬರುತ್ತೇನೆ, ಆದರೆ ನನ್ನನ್ನು ಬಯ್ದ ಮನುಷ್ಯ ನನ್ನ ಮುಖ ನೋಡಬಾರದು ಎಂದ. ಕಲಾ ಬಸ್ಸಿಗೆ ಹೊರಟಿದ್ದರು. ವಿಶ್ವನಾಥ್ ಬೈಕು ತೆಗೆದು ಬಾಗಿಲಿಗೆ ನಿಲ್ಲಿಸಿದರು.

"ನೀವ್ಯಾಕೆ?"

"ತಪ್ಪು ಮಾಡಿದ್ದು ನಾನು. ಬಿಟ್ಟು ಬರ್ತೀನಿ."

"ತಪ್ಪಿಗೆ ಬರ್ತಿದ್ದೀರೋ, ಅವ್ನ ನೋಡಕ್ಕೋ?"

ವಿಶ್ವನಾಥ್ ಸುಳ್ಳು ಹೇಳಲಿಲ್ಲ. "ಎರಡೂ" ಎಂದರು.

ಕಲಾ ಬೈಕು ಹತ್ತಿದರು. ಮರ ಇನ್ನೂ ಹತ್ತಾರು ಹೆಜ್ಜೆ ದೂರವಿರುವಾಗಲೇ ಕಲಾ ಬೈಕು ನಿಲ್ಲಿಸಲು ಹೇಳಿದರು. ರಸ್ತೆಯ ಆ ಬದಿಗೆ ಟೊಮೇಟೊ ತೋಟವಿತ್ತು. "ಅಲ್ಲಿ ನೋಡ್ಕೊಂಡು ನಿಂತ್ಕೊಳ್ಳಿ. ನಾನು ಕರೆಯೋವರ್ಗೂ ಇತ್ತ ತಿರುಗಬಾರ್ದು. ತಿರುಗಿದ್ರೆ ನಾನು ಅತ್ತಗೇ ನಮ್ಮೂರಿಗೆ ಓಯ್ತೀನಿ. ನಿಮ್ಮನೆಗೆ ಬರಲ್ಲ" ಎಂದರು.

ಮುಂದಿನದ್ದನ್ನು ವಿಶ್ವನಾಥ್ ಬಾಯಲ್ಲೇ ಕೇಳಬೇಕು. "ಬೈಕಿನ ಕನ್ನಡೀಲಿ ನೋಡಬಹುದಿತ್ತು. ಅದನ್ನೂ ಇವಳು ಕೆಳಗೆ ತಿರುಗಿಸಿಟ್ಟು ಹೋಗಿದ್ಲು. ಗೂಟ, ದಾರ, ಟೊಮೇಟೊ, ಅದನ್ನೇ ನೋಡ್ತಾ ನಿಂತೆ. ಹಿಂದೆ ಒಂದು ಗಾಡಿ ಬಂತು, ನಿಂತಿತು. ಇವಳು ‘ಬಾ ರಾಜಾ’ ಅಂದ್ಲು. ಕತ್ತು ತಾನಾಗೇ ತಿರುಗೋ ಹಾಗಾಯ್ತು. ಹಲ್ಲು ಕಚ್ಚಿ ಹಿಡ್ಕೊಂಡೆ. ಅವನು ಏನೋ ಹೇಳ್ತಾ ಹೇಳ್ತಾ ಅಳೋಕೆ ಶುರು ಮಾಡ್ದ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳೋದನ್ನ ನಾನು ಕೇಳಿರಲಿಲ್ಲ. ಅಯ್ಯೋ ಪಾಪ ಅನ್ನಿಸ್ತು. ಅದರ ಜೊತೆಗೇ ಹೊಟ್ಟೆ ಉರೀತು. ನಾನು ಇವಳ ಮುಂದೆ ಒಂದು ದಿನಾನೂ ಅತ್ತಿಲ್ಲ. ನಮ್ಮಪ್ಪ ಹೋದಾಗಲೂ ಬಚ್ಚಲಿಗೆ ಹೋಗಿ ಅತ್ತೆ. ಇವನು ಯಾವನೋ ಬಂದು ರಸ್ತೇಲಿ ನಿಂತು ಅಳ್ತಾನೆ, ಇವಳು ಸಮಾಧಾನ ಮಾಡ್ತಾಳೆ."

ತಿರುಗಲಿಲ್ಲ. ತೋಟದ ಕಡೆಗೇ ಮುಖ ಮಾಡಿಕೊಂಡು ಜೋರಾಗಿ ಕೂಗಿದರು: "ತಮ್ಮಾ, ತಪ್ಪಾಯ್ತು. ನಾನಾಡಿದ್ದು ಆಡಬಾರದ ಮಾತು. ನೀನು ಯಾರು ಅಂತ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಟೆಸ್ಟ್ ಮಾಡಿಸ್ಕೊ." ಟೊಮೇಟೊ ಕೀಳುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ಈ ಮನುಷ್ಯ ತನಗೇ ಹೇಳುತ್ತಿದ್ದಾನೆಂದು ತಿಳಿದು, "ಏನಣ್ಣಾ?" ಎಂದಳಂತೆ.

ಗಾಡಿ ಹೋದ ಮೇಲೆ ಕಲಾ ಬಂದು ಕನ್ನಡಿಯನ್ನು ಸರಿಯಾಗಿ ತಿರುಗಿಸಿದರು. "ನಡೀರಿ" ಎಂದರು. ಅಷ್ಟೇ.

ಹೀರೇಕಾಯಿ ಪರೀಕ್ಷೆಗೆ ಒಪ್ಪಿದ್ದ. ಆದರೆ ಕಲಾ ಜೊತೆಗಲ್ಲ. "ನಿಮ್ಮ ಮೇಲೆ ಕೋಪ ಇಲ್ಲ ಕಲಾ ಅವರೇ. ಆದರೆ ನಿಮ್ಮ ಫೋನು ಬಂದರೆ ಈಗಲೂ ಆ ಬಯ್ಗುಳವೇ ಕೇಳಿಸುತ್ತೆ" ಎಂದು ಹೇಳಿದ್ದ. ಬಂಗಾರಪೇಟೆ ಕಚೇರಿಯಲ್ಲಿ ಸಹನ ಎಂಬ ಹೊಸ ಕಾರ್ಯಕರ್ತೆ ಇದ್ದಾರೆ. ಅವರ ಜೊತೆ ಹೋದ. ಫಲಿತಾಂಶ ಏನು ಬಂತು ಎಂದು ನಾನು ಕೇಳಿದೆ. ಕೇಳಬಾರದಿತ್ತು. ಕಲಾ, "ಗಂಡನಿಗೇ ಏಳ್ದೇ ಇರೋದನ್ನ ಪೇಪರ್ನೋರಿಗೆ ಏಳ್ತೀನಾ?" ಎಂದರು. ಆಮೇಲೆ ಮೆತ್ತಗಾಗಿ, "ಆ ಹುಡುಗಿಗೆ ಅವ್ನೇ ಎಲ್ಲಾ ಏಳ್ದ. ಇಬ್ರೂ ಚೆನ್ನಾಗವ್ರೆ. ಅಷ್ಟು ಬರ್ಕೊಳ್ಳಿ" ಎಂದರು. ಇಷ್ಟನ್ನು ಬರೆಯಲು ಸಹನ ಮೂಲಕ ಅವನ ಅನುಮತಿಯನ್ನೂ ಅವರೇ ಪಡೆದುಕೊಟ್ಟರು.

ಚುಕ್ಕೆಗಳು ಒಂದೊಂದಾಗಿ ಹಿಂದಿರುಗಿದವು. ಬದನೆಕಾಯಿಗೆ ತಿಂಗಳು ಹಿಡಿಯಿತು. ಒಂದಿಬ್ಬರು ಇನ್ನೂ ಬಂದಿಲ್ಲ. ಅವರಿಗಾಗಿ ಸೆಲ್ವರಾಜ್ ದಿಬ್ಬದ ಕಡೆ ನಡೆಯುತ್ತಾರೆ. ಕೆಲಸದ ಫೋನು ಈಗ ಬೇರೆ, ಸಂಸ್ಥೆ ಕೊಟ್ಟದ್ದು. ಮನೆಯಲ್ಲಿ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಕೈ ಕಲಾ ಅವರ ತಾಳಿಯ ಸರದಲ್ಲಿ. ಇದನ್ನು ತೋರಿಸುತ್ತಾ ವಿಶ್ವನಾಥ್, "ನಾನು ಕಟ್ಟಿದ ತಾಳೀಲಿ ಅವರ ಬೀಗದ ಕೈ. ಇದಕ್ಕಿಂತ ಇನ್ನೇನು ಬೇಕು?" ಎಂದು ಗೊಣಗುತ್ತಾರೆ.

ಅವರ ಮತ್ಸರ ಹೋಗಿಲ್ಲ. ಹೋಯಿತು ಎಂದು ಬರೆದರೆ ಅವರೇ ನಗುತ್ತಾರೆ. ಆದರೆ ಅದು ಈಗ ಒಬ್ಬರದ್ದೇ ಅಲ್ಲ.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಸಹನ ಫೋನು ನೋಡಿಕೊಂಡು ಕಿಲಕಿಲ ನಗುತ್ತಿದ್ದರು. ಯಾರೆಂದು ಕಲಾ ಕೇಳಿದರು. "ನಿಮ್ಮ ಹೀರೇಕಾಯಿ ಅಕ್ಕಾ. ಏನು ತಮಾಷೆ ಮಾಡ್ತಾರೆ ಗೊತ್ತಾ?" ಎಂದರು ಸಹನ. ಕಲಾ ಅವರೊಂದಿಗೆ ಅವನು ಒಂದು ದಿನವೂ ತಮಾಷೆ ಮಾಡಿದವನಲ್ಲ.

"ನನ್ನ ವಿಚಾರ ಏನಾನಾ ಕೇಳ್ದ್ನಾ?" ಎಂದರು ಕಲಾ.

"ಇಲ್ಲಕ್ಕಾ."

"ಕಲಕ್ಕ ಎಂಗವ್ರೆ ಅಂತಾನೂ ಕೇಳ್ಲಿಲ್ವಾ?"

"ಇಲ್ಲ."

ಸಹನ ಅವರದು ತಪ್ಪಿರಲಿಲ್ಲ. ಅವನದೂ ಇರಲಿಲ್ಲ. ಅವನು ಎಲ್ಲೋ ಒಂದು ಕಡೆ ನಂಬಿಕೊಂಡು ಮಾತಾಡುತ್ತಿದ್ದಾನೆ, ಹೊಸ ಸೂಜಿ ತೆಗೆದುಕೊಳ್ಳುತ್ತಿದ್ದಾನೆ, ಚಟ ಬಿಡುವ ಔಷಧಕ್ಕೂ ಹೆಸರು ಬರೆಸಿದ್ದಾನೆ. ಕೆಲಸ ಆಗುತ್ತಿತ್ತು. "ಅದೆಲ್ಲಾ ಗೊತ್ತು" ಎನ್ನುತ್ತಾರೆ ಕಲಾ. "ಗೊತ್ತಿದ್ರೂ ಒಟ್ಟೇಲಿ ಕೆಂಡ ಇಟ್ಟಂಗಾಯ್ತು. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಬಂಗಾರಪೇಟೆಯಿಂದ ಊರಿಗಾಂವರೆಗೂ ಆ ಹುಡುಗೀನ ಮನಸ್ಸಲ್ಲೇ ಬಯ್ಕೊಂಡು ಬಂದೆ. ಮನೆಗೆ ಬಂದು ಇವ್ರ ಮುಂದೆ ಕೂತು, ನಿಮ್ಗೆ ಎಂಗಾಗ್ತಿತ್ತು ಅಂತ ನಂಗಿವತ್ತು ಗೊತ್ತಾಯ್ತು ಕಣ್ರಿ ಅಂದೆ."

ವಿಶ್ವನಾಥ್ ಏನೆಂದರು?

"ಎದ್ದು ಓಗಿ ಕಾಫಿ ಮಾಡ್ಕೊಂಡು ಬಂದ್ರು. ನಿದ್ದೆ ಬತ್ತಾ ಐತಾ ಕಲಾ, ಊಟ ಸೇರ್ತಾ ಐತಾ ಅಂದ್ರು. ನಮ್ಮ ತರಾನೇ ಮಾತಾಡಿ ಅಣಕಿಸಿದ್ರು. ನಾನು ಅಳೋಕೆ ಶುರು ಮಾಡ್ದೆ. ಅವ್ರೂ ಅತ್ರು. ಇದನ್ನ ಬರೀಬೇಡಿ ಅಂತ ನಾನಂದ್ರೆ, ಅವ್ರು ಬರೀಲಿ ಬುಡು ಅಂತಾರೆ."

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಕಲಾ ಜೊತೆ ನಡೆಯುತ್ತಿದ್ದೇನೆ. ಮೂಲೆಯಲ್ಲಿ ಹೂವು ಮಾರುವ ಹೆಂಗಸಿಗೆ ಹೋಗಿ ಬರುವವರೆಲ್ಲ ಒಂದು ಮಾತು ಎಸೆದು ಹೋಗುತ್ತಾರೆ. ಏನಕ್ಕಾ ಬೋಣಿ ಆಯ್ತಾ, ಮಂಡಿ ನೋವು ಹೋಯ್ತಾ, ಮಗಳು ಬಂದ್ಲಾ. ಅವಳು ಎಲ್ಲರಿಗೂ ಕೈಯಾಡಿಸುತ್ತಾಳೆ. ಎದುರಿನಿಂದ ತೆಳ್ಳನೆಯ ಯುವಕನೊಬ್ಬ ಬರುತ್ತಾನೆ, ಕಲಾ ಅವರನ್ನು ಕಂಡದ್ದೇ ಫೋನಿನಲ್ಲಿ ಮುಖ ಮುಚ್ಚಿಕೊಂಡು ರಸ್ತೆಯ ಆ ಬದಿಗೆ ದಾಟುತ್ತಾನೆ. ಕಲಾ ಕೂಡ ಅವನನ್ನು ಕಾಣದವರಂತೆ ಹಾದು ಹೋಗುತ್ತಾರೆ. ಅವನು ಯಾವ ತರಕಾರಿ ಎಂದು ನಾನು ಕೇಳುವುದಿಲ್ಲ.

"ಆ ಊವಿನಕ್ಕನ್ನ ಕಂಡ್ರೆ ನಂಗೆ ಒಟ್ಟೆಕಿಚ್ಚು" ಎನ್ನುತ್ತಾರೆ ಕಲಾ, ನಡೆಯುತ್ತಲೇ. "ಇಷ್ಟ್ ಜನ್ರ ಕಿವೀಲಿ ನಾನಿದೀನಿ. ಬೀದೀಲಿ ಒಬ್ರೂ ಮಾತಾಡ್ಸಲ್ಲ. ನಂಗೆ ಸನ್ಮಾನ ಗಿನ್ಮಾನ ಏನೂ ಬ್ಯಾಡ. ಯಾವನಾನಾ ಒಬ್ಬ, ಇಂಗೇ ತುಂಬಿದ್ ಬಜಾರಲ್ಲಿ, ನಿಂತ್ಕೊಂಡು, ನಾಲ್ಕ್ ಜನಕ್ಕೆ ಕೇಳೋ ಅಂಗೆ, ಚೆನ್ನಾಗಿದ್ದೀಯಾ ಕಲಕ್ಕಾ ಅನ್ಬೇಕು. ಅಷ್ಟೇ."